ಬ್ಯಾಟರಿ ಒಂದು, ಲೆಕ್ಕ ಎರಡು: ಸೋಲಾರ್ ಆ್ಯಪ್ ಮತ್ತು ಬಿಎಂಎಸ್ ಬೇರೆ ಬೇರೆ ಶೇಕಡಾ ತೋರಿಸುವುದೇಕೆ?

ಮನೆಗೆ ಸೋಲಾರ್ ಹಾಕಿಸಿಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಸ್ಕ್ರೀನ್‌ಶಾಟ್‌ಗಳು ಜೋಡಿಯಾಗಿ ಬರುವುದುಂಟು. ಒಂದರಲ್ಲಿ ಬ್ಯಾಟರಿ ಶೇ. 96 ಎಂದಿರುತ್ತದೆ. ಇನ್ನೊಂದರಲ್ಲಿ ಅದೇ ಬ್ಯಾಟರಿ, ಅದೇ ಹೊತ್ತಿನಲ್ಲಿ, ಶೇ. 78. ಕೆಳಗೊಂದು ಸಾಲು: "ಲಿಥಿಯಂ ಬ್ಯಾಟರಿ ಹೆಸರಲ್ಲಿ ಮೋಸ, ಎಲ್ಲರಿಗೂ ತಿಳಿಸಿ." ಅದರ ಬೆನ್ನಿಗೇ ಇನ್ನೊಬ್ಬರ ಸಮಾಧಾನ: "ಬಿಎಂಎಸ್ ಇದೆಯಲ್ಲ, ಅದೇ ಎಲ್ಲ ನೋಡಿಕೊಳ್ಳುತ್ತೆ ಬಿಡಿ."

ಮೊದಲನೆಯ ಮಾತು ಬಹುತೇಕ ಸಲ ತಪ್ಪು. ಎರಡನೆಯದು ಕೇಳಲು ಹಿತವಾಗಿದೆ, ಆದರೆ ಅದನ್ನು ನಂಬಿ ಸುಮ್ಮನಿದ್ದರೆ ಹತ್ತು ವರ್ಷ ಬಾಳಬೇಕಾದ ಬ್ಯಾಟರಿ ಬೇಗ ಸೋಲಬಹುದು. ಬಿಎಂಎಸ್ ಏನು ಮಾಡುತ್ತದೆ, ಅದನ್ನು ಮನೆಯ ಸೋಲಾರ್ ವ್ಯವಸ್ಥೆಗೆ ಜೋಡಿಸುವುದು ಎಂದರೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, ಇದು ಯಾರಿಗೆ ಅನ್ವಯಿಸುತ್ತದೆ?

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ನಂತರ ತಾರಸಿ ಮೇಲಿನ ಪ್ಯಾನೆಲ್‌ಗಳ ಬಗ್ಗೆ ಆಸಕ್ತಿ ಹೆಚ್ಚಿದೆ. ಇವುಗಳಲ್ಲಿ ಹೆಚ್ಚಿನವು ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿ ಇಲ್ಲದ ವ್ಯವಸ್ಥೆಗಳು. ಕರೆಂಟ್ ಹೋದರೆ ಅವೂ ನಿಲ್ಲುತ್ತವೆ. ಅದು ದೋಷವಲ್ಲ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಪ್ಯಾನೆಲ್‌ನಿಂದ ಶಾಕ್ ಹೊಡೆಯಬಾರದೆಂದು ಮಾಡಿರುವ ಏರ್ಪಾಡು.

ಕರೆಂಟ್ ಹೋದಾಗಲೂ ಸೋಲಾರ್ ಬೇಕು ಎನ್ನುವವರು ಹೈಬ್ರಿಡ್ ಇನ್ವರ್ಟರ್ ಜೊತೆಗೆ ಲಿಥಿಯಂ ಬ್ಯಾಟರಿ ಹಾಕಿಸುತ್ತಾರೆ. ಇನ್ನು ಕೆಲವರು ಹಳೆಯ ಯುಪಿಎಸ್‌ನ ಆಸಿಡ್ ಬ್ಯಾಟರಿ ತೆಗೆದು ಅದೇ ಜಾಗದಲ್ಲಿ ಲಿಥಿಯಂ ಕೂರಿಸುತ್ತಾರೆ. ಈ ಲೇಖನ ಈ ಎರಡೂ ಬಗೆಯವರಿಗೆ.

ಬಿಎಂಎಸ್ ಎಂದರೇನು?

ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬುದರ ಗಿಡ್ಡ ಹೆಸರು ಬಿಎಂಎಸ್. ಬ್ಯಾಟರಿ ಪೆಟ್ಟಿಗೆಯೊಳಗೆ ಇರುವ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇದು. ಮನೆಯ ಸೋಲಾರ್‌ಗೆ ಈಗ ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿ. ಈ ವಸ್ತುವಿನ ಗುಣವನ್ನು ಮೊದಲು ವಿವರಿಸಿದ 1997ರ ಸಂಶೋಧನಾ ಪ್ರಬಂಧದ ಲೇಖಕರು ಮೂವರು: ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿತು.

ಎಲ್‌ಎಫ್‌ಪಿಯ ಒಂದು ಸೆಲ್ ಸುಮಾರು 3.2 ವೋಲ್ಟ್. ಇಂಥ 16 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ಇದನ್ನೇ ಅಂಗಡಿಯಲ್ಲಿ "48 ವೋಲ್ಟ್ ಬ್ಯಾಟರಿ" ಎನ್ನುತ್ತಾರೆ. ಪ್ರತಿ ಸೆಲ್ಲಿಗೂ ಒಂದು ಮೇಲಿನ ಗೆರೆ, ಒಂದು ಕೆಳಗಿನ ಗೆರೆ ಇದೆ: ಮೇಲೆ 3.65 ವೋಲ್ಟ್, ಕೆಳಗೆ 2.5 ವೋಲ್ಟ್. ಈ ಗೆರೆಗಳನ್ನು ದಾಟಿದರೆ ಸೆಲ್ ಹಾಳಾಗುತ್ತದೆ. ಹದಿನಾರರಲ್ಲಿ ಒಂದೇ ಒಂದು ಸೆಲ್ ಗೆರೆ ಮುಟ್ಟಿದರೂ ಇಡೀ ಬ್ಯಾಟರಿಯ ಬಾಗಿಲು ಹಾಕುವುದು ಬಿಎಂಎಸ್‌ನ ಮುಖ್ಯ ಕೆಲಸ. ಜೊತೆಗೆ ಅದು ಬಿಸಿ ಎಷ್ಟಿದೆ, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದನ್ನೂ ಗಮನಿಸುತ್ತದೆ. ಸೆಲ್‌ಗಳ ನಡುವಿನ ಹೆಚ್ಚುಕಡಿಮೆಯನ್ನು ನಿಧಾನವಾಗಿ ಸರಿದೂಗಿಸುತ್ತದೆ.

ಗಮನಿಸಿ: ಇದು ಕೊನೆಯ ಕಾವಲು, ದಿನನಿತ್ಯದ ಮೇಲ್ವಿಚಾರಕ ಅಲ್ಲ. ನೀರಿನ ಮೋಟರ್‌ಗೆ ಟ್ರಿಪ್ ಸ್ವಿಚ್ ಇದ್ದ ಹಾಗೆ. ಟ್ರಿಪ್ ಆಗುತ್ತದೆ ಎಂಬ ಧೈರ್ಯದಲ್ಲಿ ಯಾರೂ ಮೋಟರ್ ಅನ್ನು ದಿನಾ ಒಣಗಿದ ಬಾವಿಯಲ್ಲಿ ಓಡಿಸುವುದಿಲ್ಲ.

ಹಾಗಾದರೆ ಎರಡು ಶೇಕಡಾ ಏಕೆ?

ಬ್ಯಾಟರಿಯೊಳಗೆ ಎಷ್ಟು ಉಳಿದಿದೆ ಎಂದು ನೇರವಾಗಿ ಅಳೆಯುವ ಉಪಕರಣವೇ ಇಲ್ಲ. ನೀರಿನ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದಂತೆ ಇಲ್ಲಿ ನೋಡಲಾಗದು. ಹಾಗಾಗಿ ಪರದೆಯ ಮೇಲೆ ಕಾಣುವ ಶೇಕಡಾ ಯಾವಾಗಲೂ ಒಂದು ಅಂದಾಜು. ನಿಮ್ಮ ಮೊಬೈಲಿನಲ್ಲೂ ಹೀಗೇ. ಹಳೆಯ ಫೋನು ಶೇ. 15 ತೋರಿಸುತ್ತಲೇ ತಟ್ಟನೆ ಆಫ್ ಆಗುವುದು ಅಂದಾಜು ತಪ್ಪಿದ್ದರಿಂದ.

ಅಂದಾಜು ಮಾಡಲು ಎರಡು ದಾರಿಗಳಿವೆ.

ಒಂದನೆಯದು, ವೋಲ್ಟ್ ನೋಡಿ ಊಹಿಸುವುದು. ಆಸಿಡ್ ಬ್ಯಾಟರಿಗೆ ಇದು ತಕ್ಕಮಟ್ಟಿಗೆ ಸರಿಹೋಗುತ್ತದೆ. ಎಲ್‌ಎಫ್‌ಪಿಗೆ ಸರಿಹೋಗುವುದಿಲ್ಲ. ಏಕೆಂದರೆ ಸುಮಾರು ಶೇ. 30ರಿಂದ 90ರವರೆಗೆ ಅದರ ಒಂದು ಸೆಲ್ಲಿನ ವೋಲ್ಟ್ ಬದಲಾಗುವುದು ಹತ್ತನೇ ಒಂದು ಭಾಗದಷ್ಟು ಮಾತ್ರ. ಮೇಲಾಗಿ ಚಾರ್ಜ್ ಆಗುತ್ತಿರುವಾಗ ವೋಲ್ಟ್ ಏರಿರುತ್ತದೆ, ಮಿಕ್ಸಿಯೋ ಗೀಸರೋ ಓಡುತ್ತಿದ್ದರೆ ಇಳಿದಿರುತ್ತದೆ. ಬಿಎಂಎಸ್ ಜೊತೆ ಮಾತುಕತೆ ಇಲ್ಲದ ಇನ್ವರ್ಟರ್ ಸಾಮಾನ್ಯವಾಗಿ ಹೀಗೇ ಊಹಿಸುತ್ತದೆ. ಅದಕ್ಕೇ ಮಧ್ಯಾಹ್ನ ಬಿಸಿಲಲ್ಲಿ ಶೇ. 96 ತೋರಿಸಿ, ಮೋಡ ಬಂದು ಲೋಡ್ ಬಿದ್ದ ಕೂಡಲೇ ಶೇ. 70ಕ್ಕೆ ಜಿಗಿಯುವುದು.

ಎರಡನೆಯದು, ಲೆಕ್ಕ ಇಡುವುದು. ಒಳಗೆ ಎಷ್ಟು ಕರೆಂಟ್ ಹೋಯಿತು, ಹೊರಗೆ ಎಷ್ಟು ಬಂತು ಎಂದು ಕ್ಷಣಕ್ಷಣಕ್ಕೂ ಕೂಡಿ ಕಳೆಯುವುದು. ಥೇಟ್ ಕಿರಾಣಿ ಅಂಗಡಿಯ ಜಮಾ-ಖರ್ಚು. ಬಿಎಂಎಸ್ ಮಾಡುವುದು ಇದನ್ನೇ. ಇದು ಮೊದಲಿನದಕ್ಕಿಂತ ಒಳ್ಳೆಯ ದಾರಿ, ಆದರೆ ಇದರಲ್ಲೂ ಒಂದು ತೊಡಕಿದೆ. ಸಣ್ಣ ಸಣ್ಣ ಖರ್ಚನ್ನು ಕೆಲವು ಬಿಎಂಎಸ್‌ಗಳು ಸರಿಯಾಗಿ ಅಳೆಯುವುದಿಲ್ಲ. ವೈಫೈ ರೌಟರ್, ಇನ್ವರ್ಟರ್‌ನ ಸ್ವಂತ ಖರ್ಚು ಸೇರಿ ಅರ್ಧ ಆಂಪಿಯರ್ ಲೆಕ್ಕ ತಪ್ಪಿತು ಎಂದಿಟ್ಟುಕೊಳ್ಳಿ. 24 ಗಂಟೆಗೆ 12 ಆಂಪಿಯರ್-ಅವರ್ ಆಯಿತು. 100 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಇದು ಒಂದೇ ದಿನಕ್ಕೆ ಶೇ. 12ರಷ್ಟು ತಪ್ಪು!

ಈ ತಪ್ಪು ತಿದ್ದಿಕೊಳ್ಳುವುದು ಬ್ಯಾಟರಿ ಪೂರ್ತಿ ತುಂಬಿದಾಗ. ಆಗ ವೋಲ್ಟ್ ಸ್ಪಷ್ಟವಾಗಿ ಮೇಲೇರುತ್ತದೆ, ಬಿಎಂಎಸ್ "ಇದು ನೂರು" ಎಂದು ಹೊಸದಾಗಿ ಲೆಕ್ಕ ಶುರು ಮಾಡುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಗಟ್ಟಲೆ ಬಿಸಿಲು ಕಾಣದೆ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಆ ದಿನಗಳಲ್ಲಿ ಶೇಕಡಾ ದಾರಿ ತಪ್ಪುವುದು ಸಹಜ. ಎರಡು ವಾರಕ್ಕೊಮ್ಮೆಯಾದರೂ ಗ್ರಿಡ್ ಕರೆಂಟ್‌ನಿಂದ ಪೂರ್ತಿ ಚಾರ್ಜ್ ಮಾಡಿ ಕೆಲ ಗಂಟೆ ಹಾಗೇ ಬಿಟ್ಟರೆ ಲೆಕ್ಕವೂ ಸರಿಯಾಗುತ್ತದೆ, ಸೆಲ್‌ಗಳು ಸಮವಾಗಲೂ ಸಮಯ ಸಿಗುತ್ತದೆ.

ಹಾಗಾಗಿ ಎರಡು ಆ್ಯಪ್ ಎರಡು ಅಂಕಿ ತೋರಿಸಿದರೆ ಅದು ಮೋಸಕ್ಕೆ ಸಾಕ್ಷಿಯಲ್ಲ. ಇನ್ವರ್ಟರ್ ಮತ್ತು ಬಿಎಂಎಸ್ ಪರಸ್ಪರ ಮಾತಾಡುತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಚಿಂತಿಸಬೇಕಾದ ವಿಷಯ ಇದೇ.

ನೋಡುವುದು ಬೇರೆ, ಮಾತಾಡಿಸುವುದು ಬೇರೆ

ಬಿಎಂಎಸ್ ಅನ್ನು ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಿ ಸೆಲ್‌ಗಳ ವೋಲ್ಟ್ ನೋಡುವುದು ಸುಲಭ. ಹಲವರು "ಮಾನಿಟರಿಂಗ್ ಆಯ್ತು" ಎಂದುಕೊಳ್ಳುವುದು ಇಲ್ಲಿಗೇ. ಆದರೆ ಫೋನು ಕೇವಲ ನೋಡುತ್ತದೆ. ಬ್ಯಾಟರಿಗೆ ಕರೆಂಟ್ ತಳ್ಳುವುದು ಇನ್ವರ್ಟರ್. ಬಿಎಂಎಸ್‌ಗೆ ಗೊತ್ತಿರುವುದು ಇನ್ವರ್ಟರ್‌ಗೆ ಗೊತ್ತಾಗಬೇಕು.

ಇವೆರಡರ ನಡುವೆ ಒಂದು ಸಂವಹನ ಕೇಬಲ್ ಹಾಕಿದಾಗ ಬಿಎಂಎಸ್ ಮುಖ್ಯವಾಗಿ ಮೂರು ವಿಷಯ ಹೇಳುತ್ತದೆ: ಎಷ್ಟು ವೋಲ್ಟ್‌ವರೆಗೆ ಚಾರ್ಜ್ ಮಾಡಬಹುದು, ಒಳಗೆ ಎಷ್ಟು ಆಂಪಿಯರ್ ಬಿಡಬಹುದು, ಹೊರಗೆ ಎಷ್ಟು ಆಂಪಿಯರ್ ಎಳೆಯಬಹುದು. ಒಂದು ಸೆಲ್ ಮೇಲಿನ ಗೆರೆಯ ಹತ್ತಿರ ಬಂದರೆ "ಇನ್ನು ನಿಧಾನ ಮಾಡು" ಎನ್ನುತ್ತದೆ, ಇನ್ವರ್ಟರ್ ಕರೆಂಟ್ ಇಳಿಸುತ್ತದೆ. ಬಾಗಿಲು ಹಾಕುವ ಪ್ರಸಂಗವೇ ಬರುವುದಿಲ್ಲ.

ಈ ಮಾತುಕತೆ ಇಲ್ಲದಿದ್ದರೆ? ಹಳೆಯ ಯುಪಿಎಸ್ ಆಸಿಡ್ ಬ್ಯಾಟರಿಯ ಸೆಟ್ಟಿಂಗ್‌ನಲ್ಲೇ ಇದೆ ಎಂದುಕೊಳ್ಳಿ. ಕೆಲವು ಚಾರ್ಜರ್‌ಗಳು ಆಸಿಡ್ ಬ್ಯಾಟರಿಯ ಸೆಲ್‌ಗಳನ್ನು ಸಮಗೊಳಿಸಲು ಆಗಾಗ 62 ವೋಲ್ಟ್ ಆಸುಪಾಸಿಗೆ ಏರಿಸುತ್ತವೆ. ಅದನ್ನು 16ರಿಂದ ಭಾಗಿಸಿದರೆ ಒಂದು ಸೆಲ್ಲಿಗೆ ಸುಮಾರು 3.87 ವೋಲ್ಟ್. ನಮ್ಮ ಗೆರೆ ಇದ್ದದ್ದು 3.65! ಬಿಎಂಎಸ್ ಬಾಗಿಲು ಹಾಕಲೇಬೇಕು. ಪ್ಯಾನೆಲ್ ಕಡೆಯಿಂದ ಜೋರಾಗಿ ಕರೆಂಟ್ ಬರುತ್ತಿರುವಾಗ ಹೀಗೆ ತಟ್ಟನೆ ಬ್ಯಾಟರಿ ಕಳಚಿಕೊಂಡರೆ ವೋಲ್ಟ್ ಒಮ್ಮೆಲೇ ಏರಿ ಇನ್ವರ್ಟರ್‌ಗೇ ಪೆಟ್ಟಾಗಬಹುದು. ಕರೆಂಟ್ ಹೋದ ಹೊತ್ತಾಗಿದ್ದರೆ ಮನೆ ಪೂರ್ತಿ ಕತ್ತಲು. "ಬಿಎಂಎಸ್ ನೋಡಿಕೊಳ್ಳುತ್ತೆ" ಎನ್ನುವವರು ಮರೆಯುವುದು ಇದನ್ನು: ಅದು ಬ್ಯಾಟರಿಯನ್ನು ಕಾಯುತ್ತದೆ, ಮನೆಯ ಉಳಿದ ವ್ಯವಸ್ಥೆಯನ್ನಲ್ಲ.

ಕೇಬಲ್ ನೋಡಲು ಇಂಟರ್ನೆಟ್ ಕೇಬಲ್‌ನಂತೆಯೇ ಇದೆಯಲ್ಲ?

ಹೌದು, ಇಲ್ಲೇ ಎಡವುವುದು. ಬಿಎಂಎಸ್ ಮತ್ತು ಇನ್ವರ್ಟರ್ ಮೇಲೆ ಇರುವ ಚೌಕದ ಕಿಂಡಿ ನೋಡಲು ವೈಫೈ ರೌಟರ್‌ನ ಕಿಂಡಿಯಂತೆಯೇ ಇರುತ್ತದೆ. ಆದರೆ ಅಲ್ಲಿ ಹರಿಯುವುದು ಇಂಟರ್ನೆಟ್ ಅಲ್ಲ. ಎರಡು ಭಾಷೆಗಳು ಚಾಲ್ತಿಯಲ್ಲಿವೆ. ಒಂದು ಕ್ಯಾನ್, 1986ರಲ್ಲಿ ಬಾಷ್ ಕಂಪನಿ ಕಾರುಗಳ ಒಳಗಿನ ಸಂವಹನಕ್ಕೆಂದು ಪರಿಚಯಿಸಿದ್ದು. ಇನ್ನೊಂದು ಆರ್‌ಎಸ್-485, ಕಾರ್ಖಾನೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವುದು. ಇದರ ಮೇಲೆ ಹೆಚ್ಚಾಗಿ ಓಡುವುದು 1979ರಲ್ಲಿ ಬಂದ ಮಾಡ್‌ಬಸ್ ಎಂಬ ನಿಯಮಾವಳಿ.

ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ಯಾವ ಜೋಡಿ ಯಾವ ಕೆಲಸಕ್ಕೆ ಎಂಬುದು ಒಂದೊಂದು ಬ್ರ್ಯಾಂಡ್‌ನಲ್ಲಿ ಒಂದೊಂದು ತರ. ಅಂಗಡಿಯಿಂದ ತಂದ ಸಾಮಾನ್ಯ ಲ್ಯಾನ್ ಕೇಬಲ್ ಚುಚ್ಚಿದರೆ ಅದೃಷ್ಟವಿದ್ದರೆ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ, ಕೆಲವೊಮ್ಮೆ ಬೋರ್ಡ್ ಸುಡುತ್ತದೆ. ಎರಡೂ ಕಡೆಯ ಕೈಪಿಡಿ ತೆರೆದು ತಂತಿಯ ಕ್ರಮ ಹೋಲಿಸುವುದೊಂದೇ ದಾರಿ. ಈ ಕೇಬಲ್ ಅನ್ನು ವೈಫೈ ರೌಟರ್‌ಗೆ ಚುಚ್ಚಲೇಬೇಡಿ.

ತಂತಿ ಸರಿಯಿದ್ದರೂ ಭಾಷೆ ಹೊಂದಬೇಕು. ಇನ್ವರ್ಟರ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಬಗೆ "ಲಿಥಿಯಂ" ಎಂದೂ, ಬಿಎಂಎಸ್ ಕಡೆ ಅದೇ ಪ್ರೋಟೋಕಾಲ್ ಎಂದೂ ಆಯ್ಕೆ ಮಾಡಬೇಕು. ಪೈಲಾನ್‌ಟೆಕ್ ಎಂಬ ಚೀನಾದ ಬ್ಯಾಟರಿ ಕಂಪನಿಯ ಪ್ರೋಟೋಕಾಲ್ ಅನ್ನು ಬೇರೆ ಅನೇಕ ತಯಾರಕರೂ ಅಳವಡಿಸಿಕೊಂಡಿದ್ದಾರೆ. ಹಾಗಾಗಿ ನಿಮ್ಮ ಬ್ಯಾಟರಿ ಬೇರೆ ಕಂಪನಿಯದಾದರೂ ಪಟ್ಟಿಯಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ. ಎರಡು ಬ್ಯಾಟರಿ ಪೆಟ್ಟಿಗೆಗಳಿದ್ದರೆ ಅವುಗಳಲ್ಲಿ ಒಂದು ಯಜಮಾನ. ಪೆಟ್ಟಿಗೆಯ ಮೇಲಿನ ಪುಟ್ಟ ಸ್ವಿಚ್‌ಗಳಿಂದ ಪ್ರತಿಯೊಂದಕ್ಕೂ ಬೇರೆ ನಂಬರ್ ಕೊಡಬೇಕು. ಕೊಡದಿದ್ದರೆ ಇನ್ವರ್ಟರ್‌ಗೆ ಎರಡನೆಯ ಪೆಟ್ಟಿಗೆ ಕಾಣುವುದೇ ಇಲ್ಲ.

ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡಬೇಕೆಂದರೆ

ಸುಲಭದ ದಾರಿ ಇನ್ವರ್ಟರ್‌ಗೆ ಸಿಕ್ಕಿಸುವ ವೈಫೈ ಡಾಂಗಲ್. ಬಿಎಂಎಸ್ ಹೇಳಿದ್ದು ಇನ್ವರ್ಟರ್‌ಗೆ, ಅಲ್ಲಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ನಿಮ್ಮ ಫೋನಿಗೆ ಬರುತ್ತದೆ. ಬಹುತೇಕ ಮನೆಗಳಿಗೆ ಇಷ್ಟು ಸಾಕು. ಆದರೆ ಇಂಟರ್ನೆಟ್ ಇಲ್ಲದಿದ್ದರೆ ಆ್ಯಪ್‌ನಲ್ಲಿ ಅಂಕಿ ಬದಲಾಗುವುದಿಲ್ಲ, ಒಂದೊಂದು ಸೆಲ್ಲಿನ ವಿವರವೂ ಸಾಮಾನ್ಯವಾಗಿ ಇಲ್ಲಿ ಸಿಗುವುದಿಲ್ಲ.

ಸ್ವಲ್ಪ ಕೈಕೆಲಸ ಗೊತ್ತಿರುವವರಿಗೆ ಇನ್ನೊಂದು ದಾರಿ ಇದೆ. 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್‌ನಲ್ಲಿ ಹಾಕಿ, ಇಎಸ್‌ಪಿ-32 ಎಂಬ ಅಗ್ಗದ ಬೋರ್ಡ್ ಮೂಲಕ ಬಿಎಂಎಸ್‌ನ ಮಾಹಿತಿ ಓದಬಹುದು. ಎಲ್ಲ ಮಾಹಿತಿ ಮನೆಯೊಳಗೇ ಉಳಿಯುತ್ತದೆ, ಇಂಟರ್ನೆಟ್ ಹೋದರೂ ನಡೆಯುತ್ತದೆ. ಇಲ್ಲಿ ಎರಡು ಎಚ್ಚರಿಕೆ.

ಮೊದಲನೆಯದು, ಅನೇಕ ಬಿಎಂಎಸ್‌ಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಮಾತಾಡಿಸುತ್ತವೆ. ಫೋನಿನ ಆ್ಯಪ್ ತೆರೆದಿದ್ದರೆ ಬೋರ್ಡ್‌ಗೆ ಮಾಹಿತಿ ಸಿಗದು. "ಬ್ಯಾಟರಿ ಕೆಟ್ಟಿದೆ, ಸಿಗ್ನಲ್ ಇಲ್ಲ" ಎಂಬ ಎಷ್ಟೋ ದೂರುಗಳ ಮೂಲ ಇಷ್ಟೇ.

ಎರಡನೆಯದು ಹೆಚ್ಚು ಗಂಭೀರ. ತಂತಿ ಮೂಲಕ ಜೋಡಿಸುವುದಾದರೆ ಐಸೊಲೇಟೆಡ್ ಮಾದರಿಯ ಪರಿವರ್ತಕವನ್ನೇ ಬಳಸಿ. ಬಹಳಷ್ಟು ಬಿಎಂಎಸ್‌ಗಳು ಬಾಗಿಲು ಹಾಕುವುದು ಬ್ಯಾಟರಿಯ ಮೈನಸ್ ಕಡೆಯಲ್ಲಿ. ಬಿಎಂಎಸ್‌ನ ಸಂವಹನ ತಂತಿ ಬಾಗಿಲ ಒಳಗಿನ ಮೈನಸ್‌ಗೂ, ನಿಮ್ಮ ಕಂಪ್ಯೂಟರ್ ಹೊರಗಿನ ಮೈನಸ್‌ಗೂ ಸೇರಿದ್ದರೆ, ಬಾಗಿಲು ಹಾಕಿದ ಕ್ಷಣ ಆ ಸಣ್ಣ ತಂತಿಯ ಮೇಲೆ ಪೂರ್ತಿ 50 ವೋಲ್ಟ್ ಬೀಳಬಹುದು. ಪುಟ್ಟ ಬೋರ್ಡ್ ಅಲ್ಲೇ ಸುಟ್ಟುಹೋಗುತ್ತದೆ. ಇನ್ನು ಬ್ಯಾಟರಿಯ ದಪ್ಪ ತಂತಿಗಳ ಕಡೆಗೆ ಅನುಭವ ಇಲ್ಲದವರು ಕೈ ಹಾಕುವುದೇ ಬೇಡ. 50 ವೋಲ್ಟ್ ಕಡಿಮೆ ಎನಿಸಬಹುದು, ಆದರೆ ಸ್ಪ್ಯಾನರ್ ಜಾರಿ ಎರಡು ತುದಿಗೆ ತಗುಲಿದರೆ ಹರಿಯುವ ಕರೆಂಟ್ ಸಾವಿರಾರು ಆಂಪಿಯರ್. ಕಬ್ಬಿಣ ಕರಗುತ್ತದೆ, ಕೈ ಸುಡುತ್ತದೆ.

ಪರದೆಯಲ್ಲಿ ಏನನ್ನು ನೋಡಬೇಕು?

ಶೇಕಡಾ ಅಂಕಿಯನ್ನು ದಿನಕ್ಕೆ ಹತ್ತು ಸಲ ನೋಡುವುದಕ್ಕಿಂತ ವಾರಕ್ಕೊಮ್ಮೆ ಒಂದು ವಿಷಯ ನೋಡಿ: ಬ್ಯಾಟರಿ ಪೂರ್ತಿ ತುಂಬುವ ಹೊತ್ತಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟ್ ಇರುವ ಸೆಲ್‌ಗಳ ನಡುವಿನ ಅಂತರ. ಮಧ್ಯದಲ್ಲಿ ಎಲ್ಲ ಸೆಲ್‌ಗಳೂ ಒಂದೇ ತರ ಕಾಣುತ್ತವೆ. ಬಲಹೀನ ಸೆಲ್ ಯಾವುದು ಎಂದು ಗೊತ್ತಾಗುವುದು ತುದಿಗಳಲ್ಲಿ. ಹದಿನೈದು ಸೆಲ್‌ಗಳು 3.4 ವೋಲ್ಟ್‌ನಲ್ಲಿರುವಾಗ ಒಂದೇ ಒಂದು 3.65 ಮುಟ್ಟಿದರೆ, ಉಳಿದವು ತುಂಬುವ ಮೊದಲೇ ಚಾರ್ಜಿಂಗ್ ನಿಲ್ಲುತ್ತದೆ. ಸರಾಸರಿ ಶೇಕಡಾದಲ್ಲಿ ಇದು ಕಾಣುವುದೇ ಇಲ್ಲ.

ಅಂತರ ಕಂಡ ಕೂಡಲೇ ಬ್ಯಾಟರಿ ಹೋಯಿತೆಂದು ಅರ್ಥವಲ್ಲ. ಸಮಗೊಳಿಸುವ ಕೆಲಸ ನಿಧಾನದ್ದು. ಬಿಎಂಎಸ್ 0.1 ಆಂಪಿಯರ್‌ನಂತೆ ಸರಿದೂಗಿಸುತ್ತಿದ್ದರೆ 5 ಆಂಪಿಯರ್-ಅವರ್ ವ್ಯತ್ಯಾಸ ಹೋಗಲು 50 ಗಂಟೆ ಬೇಕು. ಹಲವು ಬಿಸಿಲಿನ ದಿನಗಳ ನಂತರವೂ ಅದೇ ಸೆಲ್ ಅದೇ ರೀತಿ ಮುಂದೋಡುತ್ತಿದ್ದರೆ ಆಗ ಸರ್ವಿಸ್‌ನವರನ್ನು ಕರೆಯಿರಿ. ವಾರಂಟಿ ಕೇಳುವಾಗ ಈ ದಾಖಲೆಯೇ ನಿಮ್ಮ ಪರ ಮಾತಾಡುತ್ತದೆ.

ಇನ್ನೊಂದು, ಬಿಸಿ. ಎಲ್‌ಎಫ್‌ಪಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಆ ಚಿಂತೆ ನಮ್ಮ ಊರುಗಳಿಗಿಲ್ಲ. ನಮ್ಮ ಚಿಂತೆ ಬೇಸಿಗೆಯದು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ಕೆಳಗೆ ಇಟ್ಟ ಬ್ಯಾಟರಿಗೂ ಒಳಗಿನ ತಂಪು ಕೋಣೆಯಲ್ಲಿಟ್ಟ ಬ್ಯಾಟರಿಗೂ ಆಯಸ್ಸಿನಲ್ಲಿ ವ್ಯತ್ಯಾಸ ಬರುತ್ತದೆ.

ಹರಿದಾಡುವ ಮಾತುಗಳು: ಸರಿಯೇ, ತಪ್ಪೇ?

"ಬಿಎಂಎಸ್ ಆ್ಯಪ್‌ನಲ್ಲಿ ಮೇಲಿನ ವೋಲ್ಟ್ ಮಿತಿ ಹೆಚ್ಚಿಸಿದರೆ ಬ್ಯಾಕಪ್ ಜಾಸ್ತಿ ಬರುತ್ತದೆ." ತಪ್ಪು, ಅಪಾಯಕಾರಿ ಕೂಡ. 3.5 ವೋಲ್ಟ್ ದಾಟಿದ ಮೇಲೆ ಸೆಲ್ಲಿನಲ್ಲಿ ತುಂಬಲು ಉಳಿದಿರುವುದು ತೀರಾ ಕಡಿಮೆ. ಮಿತಿ ಏರಿಸಿದರೆ ಬ್ಯಾಕಪ್ ಹೆಚ್ಚದು, ಕೊನೆಯ ಕಾವಲನ್ನು ನೀವೇ ಕಳೆದುಕೊಳ್ಳುತ್ತೀರಿ.

"ಲಿಥಿಯಂ ಎಂದರೆ ಮನೆಯಲ್ಲಿ ಬಾಂಬ್ ಇಟ್ಟಂತೆ." ಪೂರ್ತಿ ತಪ್ಪು. ಲಿಥಿಯಂ ಬ್ಯಾಟರಿಗಳಲ್ಲಿ ಹಲವು ಬಗೆ. ಫೋನ್‌ಗಳಲ್ಲಿ ಬಳಸುವ ಬಗೆಗಳಿಗಿಂತ ಎಲ್‌ಎಫ್‌ಪಿ ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಅಪಾಯ ಇಲ್ಲವೇ ಇಲ್ಲ ಎಂದಲ್ಲ. ಸಡಿಲ ತಂತಿ, ಫ್ಯೂಸ್ ಇಲ್ಲದ ಜೋಡಣೆ, ತಪ್ಪು ಸೆಟ್ಟಿಂಗ್ ಎಲ್ಲ ಬ್ಯಾಟರಿಗೂ ಅಪಾಯವೇ.

"ಕೇಬಲ್ ಹಾಕಿದ ಮೇಲೆ ಸೆಟ್ಟಿಂಗ್ ಬೇಡ." ತಪ್ಪು. ಇಲಿ ಕಡಿದೋ ಪ್ಲಗ್ ಸಡಿಲವಾಗಿಯೋ ಮಾತುಕತೆ ನಿಂತರೆ ಕೆಲವು ಇನ್ವರ್ಟರ್‌ಗಳು ಚಾರ್ಜಿಂಗ್ ನಿಲ್ಲಿಸುತ್ತವೆ, ಕೆಲವು ತಮ್ಮ ಹಳೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಆ ಹಳೆಯ ಸೆಟ್ಟಿಂಗೂ ಲಿಥಿಯಂಗೆ ತಕ್ಕಂತೆಯೇ ಇರಬೇಕು.

"ಈ ಲಿಂಕ್‌ನಿಂದ ಆ್ಯಪ್ ಹಾಕಿಕೊಳ್ಳಿ, ಎಲ್ಲ ಬ್ಯಾಟರಿಗೂ ನಡೆಯುತ್ತದೆ." ಮುಟ್ಟಬೇಡಿ. ಆ್ಯಪ್ ಅನ್ನು ಬ್ಯಾಟರಿಯ ಕೈಪಿಡಿಯಲ್ಲಿ ಹೇಳಿದ ಕಡೆಯಿಂದಲೇ ಪಡೆಯಿರಿ. ಬಿಎಂಎಸ್ ಜೊತೆಗೆ ಬಂದ ಮೂಲ ಪಾಸ್‌ವರ್ಡ್ ಬದಲಿಸಿ, ಇಲ್ಲದಿದ್ದರೆ ಪಕ್ಕದ ಮನೆಯ ಫೋನಿನಿಂದಲೂ ನಿಮ್ಮ ಬ್ಯಾಟರಿ ಆಫ್ ಮಾಡಬಹುದು. ಡಾಂಗಲ್‌ನ ಸೀರಿಯಲ್ ನಂಬರ್, ಕ್ಯೂಆರ್ ಕೋಡ್ ಕಾಣುವ ಫೋಟೋ ಗುಂಪಿಗೆ ಹಾಕಬೇಡಿ.

ಹಾಕಿಸುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆ

1. ಈ ಬ್ಯಾಟರಿಯ ಬಿಎಂಎಸ್ ಈ ಇನ್ವರ್ಟರ್ ಜೊತೆ ಮಾತಾಡುತ್ತದೆಯೇ? ಇನ್ವರ್ಟರ್ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ಹೆಸರಿದೆಯೇ?
2. ಸಂವಹನ ಕೇಬಲ್ ಪೆಟ್ಟಿಗೆಯಲ್ಲೇ ಬರುತ್ತದೆಯೇ, ಹಾಕಿದ ಮೇಲೆ ಇನ್ವರ್ಟರ್ ಪರದೆಯಲ್ಲಿ ಬಿಎಂಎಸ್‌ನ ಅಂಕಿ ತೋರಿಸಿಕೊಡುತ್ತೀರಾ?
3. ಕೇಬಲ್ ಕಿತ್ತರೆ ಏನಾಗುತ್ತದೆ, ನಮ್ಮ ಮುಂದೆಯೇ ಒಮ್ಮೆ ಕಿತ್ತು ತೋರಿಸುತ್ತೀರಾ?
4. ಒಂದೊಂದು ಸೆಲ್ಲಿನ ವೋಲ್ಟ್ ನೋಡಲು ನಮಗೆ ಆ್ಯಪ್ ಮತ್ತು ಪಾಸ್‌ವರ್ಡ್ ಕೊಡುತ್ತೀರಾ?

ಈ ನಾಲ್ಕಕ್ಕೂ ನೇರ ಉತ್ತರ ಕೊಡುವವರಿಂದ ಕೆಲಸ ಮಾಡಿಸಿಕೊಳ್ಳಿ. ಹಣದ ಕೊನೆಯ ಕಂತು ಕೊಡುವುದು ಎರಡು ಪರದೆಗಳಲ್ಲೂ ಒಂದೇ ಶೇಕಡಾ ಕಂಡ ಮೇಲೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಸೋಲಾರ್ ಹಾಕಿಸುವ ಮಾತಾಡುತ್ತಿದ್ದರೆ ಫಾರ್ವರ್ಡ್ ಮಾಡಲು ಯೋಗ್ಯವಾದದ್ದು ಈ ನಾಲ್ಕು ಪ್ರಶ್ನೆ.